ಹುಲ್ಲಿಗೆ ಹಚ್ಚಿದ ಬೆಂಕಿ

ಕನಕಪುರದ ಹಳೆಯ ಹೆಸರು ಕಾನಕಾನಹಳ್ಳಿ. ಅರ್ಕಾವತಿ ದಂಡೆಯ ಈ ಊರಿನ ಬಗ್ಗೆ ಬಿ. ಎಲ್. ರೈಸ್ ಸಂಪಾದಿಸಿದ ಮೈಸೂರು ಗ್ಯಾಸೆಟಿಯರ್ ಒಂದು ಸಂಗತಿಯನ್ನು ಹೇಳುತ್ತದೆ. ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಹೊರಟ ಇಂಗ್ಲಿಷರಿಗೆ ಉಪಯೋಗಕ್ಕೆ ಬರಬಾರದೆಂದು ಟಿಪ್ಪು ಸುಲ್ತಾನ್ ಈ ಊರನ್ನು ಎರಡು ಬಾರಿ ಹಾಳು ಮಾಡಿಸಿದನಂತೆ. ಮೊದಲ ಸಲ 1791ರಲ್ಲಿ, ಎರಡನೆಯ ಸಲ 1799ರಲ್ಲಿ. ಎಂಟು ವರ್ಷಗಳ ಅಂತರದಲ್ಲಿ, ಮತ್ತೆ ಮನೆ ಕಟ್ಟಿಕೊಂಡು, ಮತ್ತೆ ಬಣವೆ ಒಟ್ಟಿಕೊಂಡು ಕುಳಿತಿದ್ದ ಜನ ಎರಡನೆಯ ಸಲವೂ ಊರು ಬಿಟ್ಟು ಓಡಬೇಕಾಯಿತು. ಎರಡು ಬಾರಿಯೂ ಅಪ್ಪಣೆ ಬಂದದ್ದು ತಮ್ಮದೇ ದೊರೆಯಿಂದ.

ಶತ್ರುವಿನ ಊರನ್ನು ಸುಡುವುದು ಯುದ್ಧದಷ್ಟೇ ಹಳೆಯದು. ರಾಜ್ಯದ ಮೇಲಿನ ಸಿಟ್ಟನ್ನು ರೈತನ ಮಾಡಿನ ಮೇಲೆ ತೀರಿಸಿಕೊಳ್ಳದ ಸೈನ್ಯ ಚರಿತ್ರೆಯಲ್ಲಿ ಅಪರೂಪ. ಆದರೆ ತನ್ನ ಊರನ್ನೇ ಸುಡುವ ದೊರೆಯ ಲೆಕ್ಕಾಚಾರ ಬೇರೆ. ಅದು ತಿಳಿಯಬೇಕಾದರೆ ಅರಮನೆಗಿಂತ ಮೊದಲು ಕೊಟ್ಟಿಗೆಯ ಕಡೆ ನೋಡಬೇಕಾಗುತ್ತದೆ.

ಹದಿನೆಂಟನೆಯ ಶತಮಾನದ ದಂಡು ನಡೆಯುತ್ತಿದ್ದುದು ಎತ್ತಿನ ಕಾಲಿನ ಮೇಲೆ. ತೋಪು, ಮದ್ದುಗುಂಡು, ಡೇರೆ, ಅಕ್ಕಿ, ಸಾರಾಯಿ ಎಲ್ಲವನ್ನೂ ಎಳೆಯುತ್ತಿದ್ದುದು ಅಥವಾ ಹೊರುತ್ತಿದ್ದುದು ಎತ್ತು. ಕೋಟೆಯ ಗೋಡೆ ಒಡೆಯುವ ದೊಡ್ಡ ತೋಪು ಒಂದಕ್ಕೇ ಹತ್ತಾರು ಜೋಡಿ ಬೇಕಾಗುತ್ತಿತ್ತು. ಮೈಸೂರಿನ ಅರಸರು ಇದನ್ನು ಬಹಳ ಹಿಂದೆಯೇ ಅರಿತಿದ್ದರು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯ ದನಗಳನ್ನು ಹೈದರ್ ದಂಡಿಗೆ ಬಳಸಿಕೊಂಡ, ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. ಮೈಸೂರಿನ ತೋಪುಗಳು ಇಂಗ್ಲಿಷರ ತೋಪುಗಳಿಗಿಂತ ಬೇಗ ಓಡಾಡುತ್ತಿದ್ದುದರ ಗುಟ್ಟು ಈ ದನಗಳಲ್ಲಿತ್ತು.

ಅಕ್ಕಿಯನ್ನು ಹೊತ್ತೊಯ್ಯಬಹುದು. ಒಂದು ಎತ್ತು ಹೊರುವ ಅಕ್ಕಿ ಒಬ್ಬ ಸಿಪಾಯಿಗೆ ವಾರಗಟ್ಟಲೆ ಸಾಕು. ಹುಲ್ಲನ್ನು ಮಾತ್ರ ಹೊತ್ತೊಯ್ಯಲಾಗದು. ಎತ್ತಿನ ಬೆನ್ನಿನ ಮೇಲೆ ಹೇರಿದ ಹುಲ್ಲನ್ನು ಆ ಎತ್ತೇ ಕೆಲವು ದಿನಗಳಲ್ಲಿ ತಿಂದು ಮುಗಿಸುತ್ತದೆ. ಆದ್ದರಿಂದ ಯಾವ ದಂಡೇ ಆಗಲಿ, ಮೇವನ್ನು ದಾರಿಯ ಹಳ್ಳಿಗಳಲ್ಲೇ ಹುಡುಕಿಕೊಳ್ಳಬೇಕಿತ್ತು. ದಂಡು ಹೊರಡುತ್ತಿದ್ದ ಕಾಲವೂ ಅದಕ್ಕೆ ತಕ್ಕುದಾಗಿತ್ತು. ರಾಗಿಯ ಕೊಯ್ಲು ಮುಗಿದು, ಕಣದ ಕೆಲಸ ತೀರಿ, ಹುಲ್ಲು ಬಣವೆಯಾಗುವುದು ಚಳಿಗಾಲದ ಕೊನೆಗೆ. ಆ ಬಣವೆ ಮುಂಗಾರಿನ ಹಸಿರು ಕಾಣುವವರೆಗೆ ರೈತನ ಜೋಡಿ ಎತ್ತು ಬದುಕಬೇಕಾದ ಗಂಟು. ಶತ್ರುವಿನ ಸಾವಿರಾರು ಎತ್ತುಗಳ ಕಣ್ಣು ಬೀಳುವುದೂ ಅದೇ ಬಣವೆಯ ಮೇಲೆ, ಅದೇ ತಿಂಗಳುಗಳಲ್ಲಿ.

ಶತ್ರು ಬರುವ ಸುದ್ದಿ ಕೇಳಿದ ಹಳ್ಳಿ ಏನು ಮಾಡುತ್ತಿತ್ತು? ಅದಕ್ಕೊಂದು ರೂಢಿಯೇ ಇತ್ತು. ರಾಗಿಯನ್ನು ನೆಲದೊಳಗಿನ ಹಗೇವಿಗೆ ತುಂಬಿ ಬಾಯಿ ಮುಚ್ಚುವುದು. ಪಾತ್ರೆ ಪಡಗಗಳನ್ನು ಹೂಳುವುದು. ಕೈಲಾದಷ್ಟು ಕಾಳನ್ನು ತಲೆಯ ಮೇಲೆ ಹೊತ್ತು, ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು, ದನಗಳನ್ನು ಮುಂದಿಟ್ಟುಕೊಂಡು ಕಾಡಿಗೋ ಬೆಟ್ಟಕ್ಕೋ ದುರ್ಗಕ್ಕೋ ಹೊರಡುವುದು. ಇದಕ್ಕೆ ಜನ ಇಟ್ಟಿದ್ದ ಹೆಸರು ‘ವಲಸೆ’. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದು, 1810ರಿಂದ 1817ರವರೆಗೆ ದಕ್ಷಿಣ ಭಾರತದ ಚರಿತ್ರೆಯನ್ನು ಪ್ರಕಟಿಸಿದ ಮಾರ್ಕ್ ವಿಲ್ಕ್ಸ್, ಈ ಮಾತಿಗೆ ಸಮನಾದುದು ತನ್ನ ಭಾಷೆಯಲ್ಲಿ ಸಿಗದೆ ಕನ್ನಡದ ಶಬ್ದವನ್ನೇ ‘ವುಲ್ಸ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ವಿವರಿಸಬೇಕಾಯಿತು. ಆರು ವರ್ಷ ದಾಟಿದ ಮಗುವಿನ ತಲೆಯ ಮೇಲೂ ಅದರ ಶಕ್ತಿಗೆ ತಕ್ಕ ಒಂದು ಗಂಟು ಇರುತ್ತಿತ್ತೆಂದು ಅವನು ಬರೆಯುತ್ತಾನೆ. ಹೊತ್ತು ತಂದ ಕಾಳು ತೀರುವ ಮೊದಲು ದಂಡು ತೊಲಗದಿದ್ದರೆ ಕಾಡಿನಲ್ಲಿ ಹಸಿವಿನಿಂದ ಸಾಯುವುದೇ ಉಳಿದ ದಾರಿ. ಇಂದು ಕೂಲಿ ಅರಸಿ ಪಟ್ಟಣಕ್ಕೆ ಹೋಗುವವರಿಗೂ, ಸೈಬೀರಿಯಾದಿಂದ ಬರುವ ಹಕ್ಕಿಗಳಿಗೂ ಬಳಕೆಯಾಗುವ ಈ ಶಬ್ದದ ಹಿಂದೆ ಇಂಥದ್ದೊಂದು ನೆನಪಿದೆ.

ಕಾಳು ಹೂಳಬಹುದು, ದನ ಅಟ್ಟಬಹುದು, ಜನ ನಡೆಯಬಹುದು. ಬಣವೆಯನ್ನು ಹೂಳಲೂ ಆಗದು, ಹೊರಲೂ ಆಗದು. ಊರು ಬಿಟ್ಟು ಹೋಗುವಾಗ ಹಿಂದೆ ಉಳಿಯುವುದು ಅದು, ಮತ್ತು ಮನೆಯ ಮೇಲಿನ ಹುಲ್ಲಿನ ಮಾಡು. ಬೆಂಕಿ ಬೀಳುತ್ತಿದ್ದುದು ಈ ಎರಡಕ್ಕೆ.

ಮೈಸೂರಿಗೆ ಈ ಬೆಂಕಿಯ ವಿದ್ಯೆ ಬಂದದ್ದು ಮರಾಠರ ದಾಳಿಗಳಿಂದ. 1767ರಲ್ಲಿ ಪೇಶ್ವೆ ಮಾಧವರಾಯ ದಂಡೆತ್ತಿ ಬಂದಾಗ ಹೈದರ್ ಅಲಿ ಹೊರಡಿಸಿದ ಆಜ್ಞೆಗಳನ್ನು ವಿಲ್ಕ್ಸ್ ದಾಖಲಿಸಿದ್ದಾನೆ. ಕೆರೆಗಳ ಏರಿ ಒಡೆಯಬೇಕು, ಬಾವಿಗಳಿಗೆ ಕಳ್ಳಿ ಕಡಿದು ಹಾಕಿ ನೀರು ಕೆಡಿಸಬೇಕು, ಕಾಳು ಹೂಳಬೇಕು, ದನ ಮತ್ತು ಜನ ಕಾಡು ಸೇರಬೇಕು, ಮನೆಯ ಮೇಲಿನ ಹುಲ್ಲೂ ಸೇರಿದಂತೆ ಮೇವನ್ನೆಲ್ಲ ಸುಡಬೇಕು. ಇಷ್ಟೆಲ್ಲ ಮಾಡಿದರೂ ಫಲ ದೊರೆಯಲಿಲ್ಲ. ಭಾರದ ತೋಪುಗಳನ್ನು ನೆಚ್ಚಿಕೊಳ್ಳದೆ ಕುದುರೆಯ ಮೇಲೆ ಹಗುರವಾಗಿ ಓಡಾಡುತ್ತಿದ್ದ ಮರಾಠರು ಸಿರಾ ಹಿಡಿದು ಮುಂದೆ ಬಂದರು. ಹೈದರ್ ಮೂವತ್ತೈದು ಲಕ್ಷ ರೂಪಾಯಿಗೆ ಒಪ್ಪಂದ ಮಾಡಿಕೊಂಡು ಅವರನ್ನು ಕಳಿಸಬೇಕಾಯಿತು. ಒಡೆದ ಏರಿಗಳನ್ನು ಮತ್ತೆ ಕಟ್ಟುವ ಕೆಲಸ ಊರಿನವರ ಪಾಲಿಗೆ ಉಳಿಯಿತು.

ಹದಿಮೂರು ವರ್ಷಗಳ ನಂತರ ಅದೇ ವಿದ್ಯೆಯನ್ನು ಹೈದರ್ ಪರರ ನೆಲದಲ್ಲಿ ಪ್ರಯೋಗಿಸಿದ. 1780ರ ಜುಲೈನಲ್ಲಿ ಚಂಗಮ ಕಣಿವೆಯ ಮೂಲಕ ಅವನ ಸೈನ್ಯ ಆರ್ಕಾಟಿನ ಸೀಮೆಗೆ ಇಳಿಯಿತು. ಮದರಾಸಿನ ಇಂಗ್ಲಿಷ್ ಸರ್ಕಾರ ಸುದ್ದಿಯನ್ನು ನಂಬದೆ ಕುಳಿತಿದ್ದಾಗಲೇ ನಗರದ ಹೊರಗಿನ ಸೇಂಟ್ ಥಾಮಸ್ ಮೌಂಟಿನಿಂದ ಸುತ್ತಲೂ ಕಪ್ಪು ಹೊಗೆಯ ಕಂಬಗಳು ಕಾಣತೊಡಗಿದವು. ಹೈದರನ ಬೆಂಕಿ ಸಿಕ್ಕಸಿಕ್ಕಲ್ಲಿ ಹಬ್ಬಿದ್ದಲ್ಲ. ಇಂಗ್ಲಿಷರಿಗೆ ನೆಲೆಯಾಗಬಹುದಾದ ಮದರಾಸು, ವೆಲ್ಲೂರುಗಳ ಸುತ್ತ ಒಂದು ಗೆರೆ ಎಳೆದು, ಆ ವೃತ್ತದೊಳಗೆ ಮನೆ, ಮೇವು, ಕಾಳು ಯಾವುದೂ ಉಳಿಯದಂತೆ ನೋಡಿಕೊಂಡ. ತನ್ನ ದಂಡಿಗೆ ಬೇಕಾಗುವ, ಮುಂದೆ ತನಗೇ ಕಂದಾಯ ಕೊಡಬೇಕಾದ ಸೀಮೆಯನ್ನು ಸುಡದೆ ಬಿಟ್ಟ. ಸುಡುವುದಕ್ಕೂ ಶಾನುಭೋಗನ ಲೆಕ್ಕವಿತ್ತು ಎನ್ನಬೇಕು.

ಯುದ್ಧದ ದೃಷ್ಟಿಯಿಂದ ಲೆಕ್ಕ ಸರಿಯಾಗಿಯೇ ಕೂಡಿಬಂತು. ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಕರ್ನಲ್ ಬೇಲಿಯ ತುಕಡಿ ನಾಶವಾಯಿತು. ಬಂಗಾಳದಿಂದ ಬಂದ ಸರ್ ಐರ್ ಕೂಟ್ 1781ರ ಜುಲೈ 1ರಂದು ಪೋರ್ಟೋ ನೋವೊದಲ್ಲಿ ಗೆದ್ದರೂ ಓಡುವ ಶತ್ರುವಿನ ಬೆನ್ನಟ್ಟಲಾಗಲಿಲ್ಲ. ಎತ್ತಿಲ್ಲ, ಅಕ್ಕಿಯಿಲ್ಲ ಎಂಬ ದೂರು ಅವನ ಕಾಗದಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಹಡಗಿನಲ್ಲಿ ಬರುವ ದಿನಸಿಯನ್ನು ನಂಬಿ ಅವನ ಸೈನ್ಯ ಕಡಲ ಅಂಚನ್ನು ಬಿಟ್ಟು ದೂರ ಹೋಗಲಾರದಾಯಿತು. ಒಳನಾಡಿನ ಜನ ನಗರಕ್ಕೆ ನುಗ್ಗಿದರು. 1782ರ ಹೊತ್ತಿಗೆ ಮದರಾಸಿನಲ್ಲಿ ಕ್ಷಾಮ. ಆಗ ಗಂಜಿ ಹಂಚಲು ನಡೆಸಿದ ಮಣೆಗಾರ್ ಛತ್ರದ ಆವರಣದಲ್ಲೇ ಮುಂದೆ ಆಸ್ಪತ್ರೆಯೊಂದು ಬೆಳೆಯಿತು. ಅದೇ ಇಂದಿನ ಸ್ಟ್ಯಾನ್ಲಿ ಆಸ್ಪತ್ರೆಯ ಮೂಲ. ಹಳೆಯ ಮದರಾಸಿಗರ ಬಾಯಲ್ಲಿ ಅದು ‘ಕಂಜಿ ತೊಟ್ಟಿ’ ಆಸ್ಪತ್ರೆ.

ಇಂಗ್ಲೆಂಡಿನಲ್ಲಿ ಈ ಬೆಂಕಿ ಬೇರೊಂದು ಕೆಲಸಕ್ಕೆ ಬಂತು. 1785ರ ಫೆಬ್ರವರಿ 28ರಂದು ಪಾರ್ಲಿಮೆಂಟಿನಲ್ಲಿ ಎಡ್ಮಂಡ್ ಬರ್ಕ್ ಆರ್ಕಾಟಿನ ನವಾಬನ ಸಾಲಗಳ ಕುರಿತು ಮಾಡಿದ ಭಾಷಣದಲ್ಲಿ ಹೈದರನ ದಾಳಿಯ ವರ್ಣನೆ ಬರುತ್ತದೆ. ಆ ಭಾಗ ಇಂಗ್ಲಿಷ್ ವಾಗ್ವೈಖರಿಯ ಮಾದರಿಯೆಂದು ಸಂಕಲನಗಳಿಗೆ ಸೇರಿ, ಹೈದರ್ ಎಂದರೆ ಬೆಂಕಿ ಎಂಬ ಚಿತ್ರ ಅಚ್ಚಾಗಿ ನಿಂತಿತು. ಬರ್ಕ್ ಅಂದು ನಿಜವಾಗಿ ಹಿಡಿಯಹೊರಟದ್ದು ನವಾಬನಿಗೆ ವಿಪರೀತ ಬಡ್ಡಿಗೆ ಸಾಲ ಕೊಟ್ಟು ಆ ಸೀಮೆಯನ್ನು ಹಿಂಡಿದ ಕಂಪನಿಯ ನೌಕರರನ್ನು ಎಂಬ ಅಂಶ ಸಂಕಲನಗಳಲ್ಲಿ ಮಸುಕಾಯಿತು.

1791ರಲ್ಲಿ ಬೆಂಕಿ ಮೈಸೂರಿನೊಳಕ್ಕೆ ಮರಳಿತು. ಗವರ್ನರ್ ಜನರಲ್ ಲಾರ್ಡ್ ಕಾರ್ನ್‌ವಾಲಿಸ್ ತಾನೇ ಸೈನ್ಯ ನಡೆಸಿಕೊಂಡು ಮುಗಳಿ ಕಣಿವೆ ಹತ್ತಿ, ಕೋಲಾರ, ಹೊಸಕೋಟೆಗಳನ್ನು ದಾಟಿ ಮಾರ್ಚ್ 5ರಂದು ಬೆಂಗಳೂರಿನ ಮುಂದೆ ಬೀಡುಬಿಟ್ಟ. ದಾರಿಯಲ್ಲಿ ಅವನ ಪಾಳೆಯದ ಹಿಂಬಾಲಕರೇ ಹಳ್ಳಿಗಳನ್ನು ಲೂಟಿ ಮಾಡಿ ಬೆಂಕಿ ಹಚ್ಚತೊಡಗಿದಾಗ ಕೆಲವರನ್ನು ನೇಣಿಗೇರಿಸಿ ಹದ್ದಿಗೆ ತರಬೇಕಾಯಿತು. ಶಿಸ್ತಿಗೆ ಹೆಸರಾದ ಇಂಗ್ಲಿಷ್ ದಂಡಿನ ಬಾಲದಲ್ಲೂ ಬೆಂಕಿಯ ಕೊಳ್ಳಿ ಇತ್ತು. ಮಾರ್ಚ್ 7ರಂದು ಪೇಟೆಯೂ 21ರ ರಾತ್ರಿ ಕೋಟೆಯೂ ಬಿದ್ದವು. ಅಷ್ಟರಲ್ಲಿ ಪೇಟೆಯಲ್ಲಿ ಸಿಕ್ಕ ಮೇವೆಲ್ಲ ತೀರಿ, ನೆಲ ಬಗೆದು ಹುಲ್ಲಿನ ಬೇರು ಕಿತ್ತು ಹಾಕಿದರೂ ಸಾಲದೆ, ಎತ್ತುಗಳು ದಿನವೂ ಗುಂಪುಗುಂಪಾಗಿ ಬೀಳುತ್ತಿದ್ದವು. ನೆರವಿಗೆ ಬಂದ ನಿಜಾಮನ ಹತ್ತು ಸಾವಿರ ಕುದುರೆಗಳು ಇದ್ದ ಮೇವಿಗೆ ಇನ್ನಷ್ಟು ಬಾಯಿಗಳನ್ನು ಸೇರಿಸಿದವೇ ಹೊರತು ಹೆಚ್ಚಿನ ಉಪಕಾರ ಮಾಡಲಿಲ್ಲ.

ಮೇ 4ರಂದು ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣಕ್ಕೆ ಹೊರಟ. ಚನ್ನಪಟ್ಟಣದ ಹೆದ್ದಾರಿಯುದ್ದಕ್ಕೂ ಟಿಪ್ಪುವಿನ ಜನ ಮೇವು ಸುಟ್ಟಿದ್ದರು. ಹಾಗಾಗಿ ಅವನು ಕಾನಕಾನಹಳ್ಳಿಯ ಮೂಲಕ ಹಾಯುವ ಕಾಡುದಾರಿ ಹಿಡಿದ. ಬೆಂಕಿ ಅಲ್ಲಿಗೂ ಮೊದಲೇ ಮುಟ್ಟಿತ್ತು. ಊರುಗಳಲ್ಲಿ ದಾರಿ ಕೇಳಲೂ ಒಬ್ಬ ಮನುಷ್ಯ ಸಿಗುತ್ತಿರಲಿಲ್ಲ. ಸೀಮೆಯೇ ವಲಸೆ ಹೋಗಿತ್ತು. ಮೇಲೆ ಅಕಾಲದ ಮಳೆ. ಮೇ 13ರಂದು ದಂಡು ಅರಕೆರೆ ತಲುಪಿತು, 15ರಂದು ಟಿಪ್ಪುವಿನ ಸೈನ್ಯವನ್ನು ಹಿಮ್ಮೆಟ್ಟಿಸಿತು. ಕಣ್ಣೆದುರಿಗೆ ಶ್ರೀರಂಗಪಟ್ಟಣದ ಗೋಪುರಗಳು, ನಡುವೆ ಏರುತ್ತಿರುವ ಕಾವೇರಿ. ಆದರೆ ಎತ್ತುಗಳಿಲ್ಲ. ಕನ್ನಂಬಾಡಿಯವರೆಗೆ ದೊಡ್ಡ ತೋಪುಗಳನ್ನು ಸಿಪಾಯಿಗಳೇ ಹಗ್ಗ ಕಟ್ಟಿ ಕೈಯಿಂದ ಎಳೆದರು. ಮೇ 22ರಂದು ಕಾರ್ನ್‌ವಾಲಿಸ್ ಅಷ್ಟು ದೂರದಿಂದ ತಂದ ಮುತ್ತಿಗೆಯ ತೋಪುಗಳನ್ನು ತಾನೇ ಒಡೆಸಿ ಹಾಕಿ, 26ರಂದು ಬೆನ್ನು ತಿರುಗಿಸಿದ. ಯಾರ್ಕ್‌ಟೌನಿನಲ್ಲಿ ವಾಷಿಂಗ್ಟನ್ನನಿಗೆ ಶರಣಾಗಿದ್ದ ಈ ಸೇನಾಪತಿಯನ್ನು ಇಲ್ಲಿ ಹಿಂದಿರುಗಿಸಿದ್ದರಲ್ಲಿ ಉರಿದುಹೋದ ರಾಗಿ ಹುಲ್ಲಿನ ಪಾಲು ದೊಡ್ಡದು.

ಹಿಂದಿರುಗುವಾಗ ಮೇಲುಕೋಟೆಯ ಬಳಿ ಮರಾಠಾ ಸೈನ್ಯ ಎದುರಾಯಿತು. ಅವರ ಪಾಳೆಯದ ಬಜಾರು ಇಂಗ್ಲಿಷರನ್ನು ಬೆರಗುಗೊಳಿಸಿತು. ಹಸಿದ ದಂಡಿಗೆ ಕಾಳು ದುಬಾರಿ ಬೆಲೆಗಾದರೂ ಸಿಕ್ಕಿತು. ಜೊತೆಗೆ ಕಾಶ್ಮೀರದ ಶಾಲು, ಬರ್ಮಿಂಗ್‌ಹ್ಯಾಮಿನ ಚಾಕು, ಯಾರೋ ಉಟ್ಟು ಬಿಟ್ಟ ಬಟ್ಟೆ. ಈ ಕೊನೆಯ ಸರಕು ಬಜಾರಿಗೆ ಹೇಗೆ ಬಂದಿರಬಹುದೆಂದು ಊಹಿಸುವುದು ಕಷ್ಟವಲ್ಲ. ಉತ್ತರದಿಂದ ಪರಶುರಾಮ ಭಾವು ಧಾರವಾಡದ ಕೋಟೆ ಹಿಡಿದು ಇಳಿದಿದ್ದ. ಆ ಏಪ್ರಿಲ್‌ನಲ್ಲೇ ಮರಾಠಾ ದಂಡಿನವರು ಶೃಂಗೇರಿಗೆ ನುಗ್ಗಿ ಮಠವನ್ನು ಸೂರೆಮಾಡಿ, ಶಾರದೆಯ ವಿಗ್ರಹವನ್ನು ಸ್ಥಾನದಿಂದ ಕಿತ್ತು, ಜನರನ್ನು ಕೊಂದಿದ್ದರು. ಸ್ವಾಮಿಗಳು ಕಾರ್ಕಳಕ್ಕೆ ಹೋಗಿ ನೆಲೆಸಬೇಕಾಯಿತು. ಮತ್ತೆ ಪ್ರತಿಷ್ಠಾಪನೆಗೆ ನೆರವು ಕಳಿಸಿ ಟಿಪ್ಪು ಬರೆದ ಕನ್ನಡ ಪತ್ರಗಳು 1916ರಲ್ಲಿ ಆರ್. ನರಸಿಂಹಾಚಾರ್ಯರಿಗೆ ಮಠದಲ್ಲಿ ದೊರೆತವು. ಶೃಂಗೇರಿಗೆ ಕಡತವಿತ್ತು, ಪತ್ರಗಳು ಉಳಿದವು. ಅದೇ ದಂಡಿನ ದಾರಿಯಲ್ಲಿ ಸಿಕ್ಕ ನೂರಾರು ಸಣ್ಣ ಊರುಗಳಿಗೆ ಅಂಥ ಭಾಗ್ಯವಿರಲಿಲ್ಲ. ಒಂಬತ್ತು ವರ್ಷಗಳ ಮೇಲೆ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಮೈಸೂರು ಸೀಮೆಯಲ್ಲಿ ಸಂಚರಿಸಿದಾಗ ಹಳ್ಳಿಯ ಜನ ಪರಶುರಾಮ ಭಾವುವಿನ ದಾಳಿಯನ್ನೂ ಅದರ ಹಿಂದೆ ಬಂದ ಹಸಿವನ್ನೂ ಇನ್ನೂ ಮರೆತಿರಲಿಲ್ಲ. ಮಳೆಯೂ ಕೈಕೊಟ್ಟಿದ್ದ ದಖ್ಖಣದಲ್ಲಿ 1791–92ರ ಬರಕ್ಕೆ ‘ತಲೆಬುರುಡೆಯ ಬರ’ ಎಂದೇ ಹೆಸರು ಬಂತು. ಹೂಳಲು ಜನರಿಲ್ಲದೆ ಬುರುಡೆಗಳು ಬಯಲಲ್ಲಿ ಬಿದ್ದಿದ್ದವೆಂದು ಅರ್ಥ.

ಸುಲ್ತಾನನ ಬೆಂಕಿ ಕಾರ್ನ್‌ವಾಲಿಸನನ್ನು ಹಿಮ್ಮೆಟ್ಟಿಸಿತು ನಿಜ, ಒಂಬತ್ತು ತಿಂಗಳ ಮಟ್ಟಿಗೆ. ಆ ಅವಧಿಯಲ್ಲಿ ಇಂಗ್ಲಿಷರು ಪಾಠ ಕಲಿತರು. ನಂದಿದುರ್ಗ, ಸಾವನದುರ್ಗಗಳನ್ನು ಹಿಡಿದು ದಾರಿ ಭದ್ರಪಡಿಸಿಕೊಂಡರು. ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಲಂಬಾಣಿಗಳ ತಾಂಡಗಳನ್ನು ಒಲಿಸಿಕೊಂಡು ಸಾವಿರಗಟ್ಟಲೆ ಹೇರೆತ್ತುಗಳ ಮೇಲೆ ಕಾಳು ತರಿಸತೊಡಗಿದ. ಹಣ ಕೊಟ್ಟ ಯಾವ ದಂಡಿಗಾದರೂ ಕಾಳು ಮಾರುತ್ತಿದ್ದ ಈ ಅಲೆಮಾರಿ ವರ್ತಕರನ್ನು ಎಲ್ಲ ಪಕ್ಷಗಳೂ ಮುಟ್ಟದೆ ಬಿಡುತ್ತಿದ್ದವು. ಅವರು ಎಲ್ಲರಿಗೂ ಬೇಕಾಗಿದ್ದರು. 1792ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸ್ ಮತ್ತೆ ಶ್ರೀರಂಗಪಟ್ಟಣದ ಮುಂದೆ ನಿಂತಾಗ ಪಾಳೆಯದಲ್ಲಿ ಕಾಳಿಗೆ ಕೊರತೆ ಇರಲಿಲ್ಲ. ಟಿಪ್ಪು ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ಒಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ. ಆ ಹಣದ ಒಂದು ಭಾಗವನ್ನು ತೆರಿಗೆಯಾಗಿ ತೆರಬೇಕಾದವರಲ್ಲಿ ಬಣವೆ ಕಳೆದುಕೊಂಡವರೂ ಇದ್ದರು.

ಬಣವೆ ಹೋದರೆ ಏನಾಗುತ್ತದೆಂಬುದನ್ನು ಯುದ್ಧದ ಚರಿತ್ರೆಗಳು ಬರೆಯುವುದಿಲ್ಲ. ಹಗೇವಿನ ರಾಗಿ ಉಳಿದರೆ ಮನುಷ್ಯ ಒಂದು ವರ್ಷ ದೂಡಿಯಾನು. ಮೇ ತಿಂಗಳಲ್ಲಿ ಮೇವು ಸುಟ್ಟರೆ ಎತ್ತು ಜೂನ್ ಕಾಣುವುದಿಲ್ಲ. ಎತ್ತಿಲ್ಲದೆ ಮುಂಗಾರಿಗೆ ನೇಗಿಲು ಹೂಡಲಾಗದು. ಬಿತ್ತದ ಹೊಲದಲ್ಲಿ ಮುಂದಿನ ವರ್ಷದ ಕಾಳೂ ಇಲ್ಲ, ಹುಲ್ಲೂ ಇಲ್ಲ. ದಂಡು ಬಂದುಹೋಗುವುದು ಹತ್ತು ದಿನದ ಮಾತು. ಬೆಂಕಿಯ ಲೆಕ್ಕ ತೀರಲು ಎರಡು ಮೂರು ಬೆಳೆ ಬೇಕು. ರಾಜ್ಯ ಉಳಿಸಲು ಇದು ಅನಿವಾರ್ಯವಾಗಿತ್ತೆಂದು ವಾದಿಸಬಹುದು, ಹಾಗೆ ವಾದಿಸಿದವರೂ ಇದ್ದಾರೆ. ಆದರೆ ಆ ವಾದದಲ್ಲಿ ಕಾನಕಾನಹಳ್ಳಿಯವರ ಮಾತನ್ನು ಯಾರೂ ಕೇಳಿದ್ದಿಲ್ಲ.

1799ರ ಮಾರ್ಚಿನಲ್ಲಿ ಜನರಲ್ ಹ್ಯಾರಿಸ್ ಬಂದಾಗ ಟಿಪ್ಪು ಹಳೆಯ ಉಪಾಯವನ್ನೇ ಹೂಡಿದ. ಬೆಂಗಳೂರಿನ ಸುತ್ತ ಅವನ ಸವಾರರು ಹಳ್ಳಿ ಮತ್ತು ಮೇವು ಸುಡುತ್ತಿದ್ದರು. ಹ್ಯಾರಿಸ್ ದಕ್ಷಿಣಕ್ಕೆ ತಿರುಗಿದ. ಕಾನಕಾನಹಳ್ಳಿ ಎರಡನೆಯ ಬಾರಿ ಹಾಳಾಯಿತು. ಅಲ್ಲಿಂದ ಮುಂದಿನ ಕೆರೆಗಳ ಏರಿ ಒಡೆಯುವ ಕೆಲಸ ನಡೆದಿರುವಾಗಲೇ ಇಂಗ್ಲಿಷರ ಮುಂದಳ ಬಂದು ತಡೆಯಿತು. ಮಾರ್ಚ್ 27ರಂದು ಮಳವಳ್ಳಿಯ ಬಳಿ ಸೋತ ಸುಲ್ತಾನ್ ಹಿಂದೆ ಸರಿದ. ತಾನು ಚಿಕ್ಕಂದಿನಲ್ಲಿ ಜಹಗೀರಾಗಿ ಪಡೆದು, ಹಣ್ಣಿನ ತೋಟ ಬೆಳೆಸಿದ್ದ ಮಳವಳ್ಳಿಯೂ ಶತ್ರುವಿಗೆ ಒದಗಬಾರದೆಂದು ಹಾಳಾಯಿತು.

ಆ ದಂಡಿನಲ್ಲಿ ನಿಜಾಮನ ಸೈನ್ಯದ ಜೊತೆಗಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಈ ಸುಟ್ಟ ಸೀಮೆಯನ್ನು ದಾಟಿಯೇ ಶ್ರೀರಂಗಪಟ್ಟಣಕ್ಕೆ ಬಂದವನು. ಹನ್ನೊಂದು ವರ್ಷಗಳ ನಂತರ, 1810ರಲ್ಲಿ, ವೆಲಿಂಗ್ಟನ್ ಎಂದು ಹೆಸರಾದ ಮೇಲೆ, ಪೋರ್ಚುಗಲ್‌ನಲ್ಲಿ ಫ್ರೆಂಚ್ ಸೈನ್ಯ ಮುಂದೊತ್ತಿ ಬಂದಾಗ ಅವನೂ ಜನರನ್ನು ಎಬ್ಬಿಸಿ, ಗಿರಣಿ, ಕಣಜ, ಮೇವುಗಳನ್ನು ನಾಶಮಾಡಿಸಿ, ಟೊರೆಸ್ ವೆಡ್ರಾಸ್‌ನ ಕೋಟೆಸಾಲಿನ ಹಿಂದೆ ಕುಳಿತ. ಫ್ರೆಂಚರು ಹಸಿದು ಹಿಂದಿರುಗಿದರು. ಪೋರ್ಚುಗಲ್‌ನ ಹತ್ತಾರು ಸಾವಿರ ಬಡಜನ ಹಸಿವು ಮತ್ತು ರೋಗಗಳಿಂದ ಸತ್ತರು. ಇಂಗ್ಲಿಷ್ ಚರಿತ್ರೆಗಳಲ್ಲಿ ಹೈದರ್ ಮಾಡಿದ್ದು ಕ್ರೌರ್ಯ, ವೆಲಿಂಗ್ಟನ್ ಮಾಡಿದ್ದು ಯುದ್ಧತಂತ್ರ.

ಮಳವಳ್ಳಿಯ ನಂತರ ಹ್ಯಾರಿಸ್ ಕಾರ್ನ್‌ವಾಲಿಸನ ಹಳೆಯ ದಾರಿಯಲ್ಲಿ ಅರಕೆರೆಯ ಕಡೆಗೇ ಬರುತ್ತಾನೆಂದು ಟಿಪ್ಪು ನಂಬಿದ್ದ. ಆ ದಾರಿಯ ಮೇವೆಲ್ಲ ಸುಟ್ಟುಹೋಗಿತ್ತು. ಹ್ಯಾರಿಸ್ ಎಡಕ್ಕೆ ಹೊರಳಿ, ವ್ಯಾಸರಾಜ ಮಠದಿಂದ ಹೆಸರಾದ ಸೋಸಲೆಯ ಬಳಿ ಮಾರ್ಚ್ ಕೊನೆಗೆ ಕಾವೇರಿ ದಾಟಿದ. ಅಲ್ಲಿ ಬೆಂಕಿ ಮುಟ್ಟಿರಲಿಲ್ಲ. ಸುತ್ತಣ ಸುಟ್ಟ ಹಳ್ಳಿಗಳಿಂದ ವಲಸೆ ಬಂದ ಜನ ತಮ್ಮ ದನಕರು, ಕಾಳು, ಉಳಿಸಿಕೊಂಡ ಹುಲ್ಲು ಎಲ್ಲವನ್ನೂ ಸೋಸಲೆಯ ಮಣ್ಣಿನ ಕೋಟೆಯಲ್ಲಿ ತುಂಬಿಕೊಂಡು ಕುಳಿತಿದ್ದರು. ಸೊರಗಿದ್ದ ಇಂಗ್ಲಿಷ್ ಎತ್ತುಗಳಿಗೆ ಅಲ್ಲಿ ಹೊಟ್ಟೆ ತುಂಬ ಮೇವು ಸಿಕ್ಕಿತು. ಸುದ್ದಿ ತಿಳಿದ ಟಿಪ್ಪು ಬನ್ನೂರಿನಲ್ಲಿ ತನ್ನ ಸರದಾರರನ್ನು ಕೂಡಿಸಿ, ಇನ್ನು ಉಳಿದ ದಾರಿ ಯಾವುದೆಂದು ಕೇಳಿದ. ಏಪ್ರಿಲ್ 5ರಂದು ಅವೇ ಎತ್ತುಗಳು ಮುತ್ತಿಗೆಯ ತೋಪುಗಳನ್ನು ಎಳೆದು ತಂದು ಶ್ರೀರಂಗಪಟ್ಟಣದ ಪಶ್ಚಿಮಕ್ಕೆ ನಿಲ್ಲಿಸಿದವು.